ಸಣ್ಣ ಭಾಷೆಗೊಂದು ಪುಸ್ತಕ ಬಂದರೆ ಪ್ರೋಗ್ರಾಮರ್‌ಗಳಿಗೆ ಯಾಕಿಷ್ಟು ಖುಷಿ?

1996ರಲ್ಲಿ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ಪುಸ್ತಕ ತಿದ್ದುಪಡಿಯೊಂದಿಗೆ ಎರಡನೇ ಸಲ ಅಚ್ಚಾಯಿತು. ಅದಾದ ಮೇಲೆ ಇಂಗ್ಲಿಷ್‌ನಲ್ಲಿ ಆ ಭಾಷೆಯ ಬಗ್ಗೆ ಹೊಸ ಪುಸ್ತಕ ಬಂದದ್ದು 2007ರಲ್ಲಿ. ನಡುವೆ ಹನ್ನೊಂದು ವರ್ಷ. 2003ರಲ್ಲಿ ಫ್ರೆಂಚ್‌ನಲ್ಲಿ ಒಂದು ಬಂದಿತ್ತು, ಆದರೆ ಫ್ರೆಂಚ್ ಬಾರದವರಿಗೆ ಅದರಿಂದ ಏನು ಉಪಯೋಗ? ಅದೇ ಹನ್ನೊಂದು ವರ್ಷದಲ್ಲಿ ಜಾವಾ ಮೇಲೆ ಬಂದ ಪುಸ್ತಕಗಳನ್ನು ಎಣಿಸೋದೇ ಕಷ್ಟ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಜಾವಾ, ಸಿ, ವಿಷುಯಲ್ ಬೇಸಿಕ್ ಪುಸ್ತಕಗಳು ಸೊಂಟದೆತ್ತರಕ್ಕೆ ರಾಶಿ ಬಿದ್ದಿರುತ್ತಿದ್ದವು. ಎರ್ಲಾಂಗ್ ಪುಸ್ತಕ ಅಲ್ಲಿ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

2007ರ ಪುಸ್ತಕ ಬರೆದವರು ಜೋ ಆರ್ಮ್‌ಸ್ಟ್ರಾಂಗ್. ಆ ಭಾಷೆಯನ್ನು ಕಟ್ಟಿದ ಮೂವರಲ್ಲಿ ಅವರೂ ಒಬ್ಬರು. 'ಪ್ರೋಗ್ರಾಮಿಂಗ್ ಎರ್ಲಾಂಗ್' ಅಂತ ಅದರ ಹೆಸರು. ಭಾಷೆಗೆ ಆಗಲೇ ಇಪ್ಪತ್ತು ವರ್ಷ ವಯಸ್ಸಾಗಿತ್ತು. ಆದರೂ ಎಷ್ಟೋ ಪ್ರೋಗ್ರಾಮರ್‌ಗಳಿಗೆ ಎರ್ಲಾಂಗ್ ಹುಟ್ಟಿದ್ದು ಆ ಪುಸ್ತಕ ಬಂದ ದಿನವೇ.

ಇವತ್ತಿಗೂ ಇದು ನಡೆಯುತ್ತಲೇ ಇದೆ. ಎಲಿಕ್ಸಿರ್, ಗ್ಲೀಮ್, ಲುವಾ, ಹ್ಯಾಸ್ಕೆಲ್, ರಾಕು, ಹೀಗೆ ಕಡಿಮೆ ಜನ ಬಳಸುವ ಯಾವುದೋ ಭಾಷೆಗೆ ಹೊಸ ಪುಸ್ತಕ ಬರುತ್ತದೆ ಅಂತ ಗೊತ್ತಾದರೆ ಸಾಕು, ಆ ಭಾಷೆಯವರಿಗೆಲ್ಲ ಮನೆಯಲ್ಲಿ ಮಗು ಹುಟ್ಟಿದಷ್ಟು ಖುಷಿ. ಅಚ್ಚಾಗುವ ಮೊದಲೇ ದುಡ್ಡು ಕೊಡುತ್ತಾರೆ. ಕರಡು ಓದಿ ತಪ್ಪು ಹುಡುಕಿ ಕಳಿಸುತ್ತಾರೆ. ಆ ಭಾಷೆಯಲ್ಲಿ ಒಂದು ಸಾಲೂ ಬರೆಯದವರು ಕೂಡ ಕೊಳ್ಳುತ್ತಾರೆ. ಹೊರಗಿನಿಂದ ನೋಡಿದವರಿಗೆ ಆಶ್ಚರ್ಯ ಆಗುತ್ತದೆ. ಎಲ್ಲವೂ ಇಂಟರ್ನೆಟ್‌ನಲ್ಲೇ ಇದೆ, ಗೊತ್ತಿಲ್ಲದ್ದನ್ನು ಎಐ ಹೇಳಿಕೊಡುತ್ತದೆ, ಇನ್ನು ಪುಸ್ತಕ ಯಾಕೆ ಅಂತ.

ಈ ಪ್ರಶ್ನೆಗೆ ನನ್ನ ಉತ್ತರ ಒಂದೇ ಪದದ್ದು, ಅದೂ ಕನ್ನಡದ್ದೇ ಪದ: ಜಾಯಮಾನ. ಭಾಷೆಯ ವ್ಯಾಕರಣ ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಜಾಯಮಾನ ಮಾತ್ರ ಒಬ್ಬರು ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದಾಗಲೇ ಸಿಗೋದು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಟ್ಟಿದ ಭಾಷೆ

ಎರ್ಲಾಂಗ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಎರಿಕ್ಸನ್ ಕಂಪನಿಯ ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯದಲ್ಲಿ 1986ರ ಹೊತ್ತಿಗೆ ಕೆಲಸ ಶುರುವಾಯಿತು. ಆರ್ಮ್‌ಸ್ಟ್ರಾಂಗ್ ಜೊತೆಗೆ ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ ಇದ್ದರು. ಭಾಷೆಯ ಹೆಸರು ಟೆಲಿಫೋನ್ ದಟ್ಟಣೆಯ ಲೆಕ್ಕ ಹಾಕಿದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ಅವರದ್ದು.

ಅವರ ಮುಂದಿದ್ದ ಸಮಸ್ಯೆ ಹೀಗಿತ್ತು. ಒಂದು ಎಕ್ಸ್‌ಚೇಂಜ್ ಮೂಲಕ ಒಂದೇ ಹೊತ್ತಿನಲ್ಲಿ ಸಾವಿರಾರು ಜನ ಮಾತಾಡುತ್ತಿರುತ್ತಾರೆ. ಸಾಫ್ಟ್‌ವೇರ್‌ನಲ್ಲಿ ತಪ್ಪು ಇದ್ದೇ ಇರುತ್ತದೆ. ಒಂದು ಕರೆಯಲ್ಲಿ ಆ ತಪ್ಪು ಎಡವಿದರೆ ಆ ಒಂದು ಕರೆ ಮಾತ್ರ ಬೀಳಬೇಕು, ಉಳಿದವರ ಮಾತು ನಿಲ್ಲಬಾರದು. ಸಾಫ್ಟ್‌ವೇರನ್ನು ಬದಲಾಯಿಸುವಾಗಲೂ ಯಾರ ಫೋನೂ ಕಟ್ ಆಗಬಾರದು. "ಒಂದು ನಿಮಿಷ ಎಲ್ಲರೂ ಫೋನ್ ಇಡಿ, ಹೊಸ ವರ್ಷನ್ ಹಾಕಬೇಕು" ಅಂತ ಊರಿಗೆಲ್ಲ ಹೇಳೋಕಾಗಲ್ಲ ಅಲ್ವಾ?

ಅವರು ಕಂಡುಕೊಂಡ ದಾರಿ ಎಂದರೆ ಪ್ರೋಗ್ರಾಮನ್ನು ಸಾವಿರಾರು ಸಣ್ಣ ಸಣ್ಣ ಪ್ರೊಸೆಸ್‌ಗಳಾಗಿ ಒಡೆಯುವುದು. ಪ್ರತಿಯೊಂದಕ್ಕೂ ಅದರದ್ದೇ ಮೆಮೊರಿ. ಹುಟ್ಟುವಾಗ ಒಂದು ಪ್ರೊಸೆಸ್ ತೆಗೆದುಕೊಳ್ಳುವುದು ಎರಡು ಮೂರು ಕಿಲೋಬೈಟ್ ಅಷ್ಟೇ, ಹಾಗಾಗಿ ಲಕ್ಷಗಟ್ಟಲೆ ಇಟ್ಟುಕೊಂಡರೂ ಭಾರ ಆಗಲ್ಲ. ಒಂದರ ಮೆಮೊರಿಗೆ ಇನ್ನೊಂದು ಕೈ ಹಾಕುವಂತಿಲ್ಲ. ಏನಿದ್ದರೂ ಸಂದೇಶ ಕಳಿಸಿ ಕೇಳಬೇಕು. ಬೆಳಗ್ಗೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಕಂಡಕ್ಟರ್ ಕೂಗುತ್ತಿರುತ್ತಾರೆ, ಹೂವಿನವರು ಮೊಳ ಹಾಕುತ್ತಿರುತ್ತಾರೆ, ಕೂಲಿಯವರು ಮೂಟೆ ಹೊರುತ್ತಿರುತ್ತಾರೆ. ಒಬ್ಬರ ತಲೆಯೊಳಗೆ ಇನ್ನೊಬ್ಬರು ಇಲ್ಲ. ಬೇಕಾದಾಗ ಬಾಯಿ ಬಿಟ್ಟು ಮಾತಾಡುತ್ತಾರೆ. ಒಬ್ಬರು ಕಾಲು ಜಾರಿ ಬಿದ್ದರೆ ನಿಲ್ದಾಣ ನಿಲ್ಲುವುದಿಲ್ಲ, ಹತ್ತಿರದವರು ಎಬ್ಬಿಸುತ್ತಾರೆ.

ಆ ಎಬ್ಬಿಸುವ ಕೆಲಸಕ್ಕೂ ಎರ್ಲಾಂಗ್‌ನಲ್ಲಿ ಬೇರೆ ಪ್ರೊಸೆಸ್ ಇರುತ್ತದೆ. ಅದನ್ನು ಸೂಪರ್‌ವೈಸರ್ ಅನ್ನುತ್ತಾರೆ. ಕೆಲಸ ಮಾಡುವ ಪ್ರೊಸೆಸ್ ಸತ್ತರೆ ಸೂಪರ್‌ವೈಸರ್‌ಗೆ ಸುದ್ದಿ ಮುಟ್ಟುತ್ತದೆ, ಅದು ಹೊಸದನ್ನು ಶುರು ಮಾಡುತ್ತದೆ. ಎರ್ಲಾಂಗ್‌ನವರ ಬಾಯಲ್ಲಿ ಸದಾ ಇರುವ ಮಾತು: ಬೀಳಲಿ ಬಿಡಿ.

ಈ 'ಬೀಳಲಿ ಬಿಡಿ' ಅನ್ನೋದೇ ಎರ್ಲಾಂಗ್‌ನ ಜಾಯಮಾನ. ಜಾವಾ ಕಲಿತು ಬಂದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ಅವರು ಕಲಿತಿರುವುದು ಪ್ರತಿ ಹೆಜ್ಜೆಯಲ್ಲೂ ತಪ್ಪನ್ನು ಹಿಡಿಯಬೇಕು, ಪ್ರೋಗ್ರಾಂ ಬೀಳದಂತೆ ನೋಡಿಕೊಳ್ಳಬೇಕು ಅಂತ. ಅದನ್ನೇ ಎರ್ಲಾಂಗ್‌ನಲ್ಲೂ ಬರೆಯುತ್ತಾರೆ. ಕೋಡ್ ಓಡುತ್ತದೆ, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಕಂಪೈಲರ್ ಏನೂ ಅನ್ನುವುದಿಲ್ಲ. ಆದರೆ ಸೂಪರ್‌ವೈಸರ್ ಸುಮ್ನೆ ಕೂತಿರುತ್ತದೆ. ಸಾಯಬೇಕಾದ ಪ್ರೊಸೆಸ್ ಕೆಟ್ಟ ಸ್ಥಿತಿಯಲ್ಲೇ ಉಸಿರಾಡುತ್ತಾ, ತಪ್ಪು ಉತ್ತರ ಕೊಡುತ್ತಾ ಇರುತ್ತದೆ.

ಇದನ್ನು ಭಾಷೆಯ ಕೈಪಿಡಿಯಲ್ಲಿ ಹುಡುಕಿದರೆ ಸಿಗುತ್ತದಾ? ಸೂಪರ್‌ವೈಸರ್‌ಗೆ ಯಾವ ಯಾವ ಆಯ್ಕೆ ಕೊಡಬಹುದು ಅನ್ನೋದು ಸಿಗುತ್ತದೆ. ಯಾಕೆ ಬೀಳಲು ಬಿಡಬೇಕು, ಎಲ್ಲಿ ಬಿಡಬಾರದು, ಹಾಗೆ ಯೋಚಿಸುವುದನ್ನು ರೂಢಿ ಮಾಡಿಕೊಳ್ಳೋದು ಹೇಗೆ ಅನ್ನೋದು ಅಲ್ಲಿ ಸಿಗುವುದು ಕಡಿಮೆ. ಕೈಪಿಡಿ ಬರೆಯುವುದು ಭಾಷೆ ಗೊತ್ತಿರುವವರಿಗಾಗಿ. ಪುಸ್ತಕ ಬರೆಯುವುದು ಗೊತ್ತಿಲ್ಲದವರಿಗಾಗಿ.

ಒಂದು ಪೂರ್ಣವಿರಾಮದ ಕಥೆ

ನಾನು ಮೊದಲ ಸಲ ಎರ್ಲಾಂಗ್ ಶೆಲ್, ಅಂದರೆ ಟೈಪ್ ಮಾಡಿದ್ದನ್ನು ಕೂಡಲೇ ಓಡಿಸಿ ತೋರಿಸುವ ಕಿಟಕಿ, ತೆರೆದ ರಾತ್ರಿ ಇನ್ನೂ ನೆನಪಿದೆ. ಕೈಪಿಡಿ ಪಕ್ಕದಲ್ಲೇ ತೆರೆದಿತ್ತು. ಎರಡು ಕೂಡಿಸು ಎರಡು ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಕರ್ಸರ್ ಮಾತ್ರ ಮಿನುಗುತ್ತಿತ್ತು. ಕಂಪ್ಯೂಟರ್ ಹ್ಯಾಂಗ್ ಆಯಿತೇನೋ ಅಂದುಕೊಂಡು ಮುಚ್ಚಿ ಮತ್ತೆ ತೆರೆದೆ. ಮತ್ತೆ ಅದೇ.

ಕಾರಣ ಇಷ್ಟೇ. ಎರ್ಲಾಂಗ್‌ನಲ್ಲಿ ಹೇಳಿಕೆ ಮುಗಿದರೆ ಪೂರ್ಣವಿರಾಮ ಹಾಕಬೇಕು, ನಾವು ವಾಕ್ಯ ಮುಗಿಸುವ ಹಾಗೆ. ಒಂದು ಕೆಲಸದ ನಂತರ ಇನ್ನೊಂದಿದ್ದರೆ ಅಲ್ಪವಿರಾಮ, ಒಂದು ಕವಲು ಮುಗಿದು ಇನ್ನೊಂದು ಬಂದರೆ ಅರ್ಧವಿರಾಮ, ಎಲ್ಲಾ ಮುಗಿದ ಮೇಲೆ ಪೂರ್ಣವಿರಾಮ. ಗೊತ್ತಾದ ಮೇಲೆ ಇದು ಎಷ್ಟು ಸಹಜ ಅನಿಸುತ್ತದೆ ಅಂದರೆ, ಬೇರೆ ಭಾಷೆಗಳೇ ವಿಚಿತ್ರವಾಗಿ ಕಾಣುತ್ತವೆ. ಆದರೆ ಗೊತ್ತಾಗುವ ಮೊದಲು ಅದೊಂದು ಗೋಡೆ.

ಮುಂದಿನ ಗೋಡೆ ಇನ್ನೂ ದಪ್ಪ. ಎಕ್ಸ್ ಸಮ 5 ಅಂತ ಬರೆದೆ, ಪೂರ್ಣವಿರಾಮ ಇಟ್ಟೆ, ಒಪ್ಪಿಕೊಂಡಿತು. ಎಕ್ಸ್ ಸಮ ಎಕ್ಸ್ ಕೂಡಿಸು 1 ಅಂತ ಬರೆದೆ. ಬಲಗಡೆಯ ಬೆಲೆ 6 ಹೊಂದುತ್ತಿಲ್ಲ ಅಂತ ತಪ್ಪು ತೋರಿಸಿತು. ಬೇರೆ ಭಾಷೆಗಳಲ್ಲಿ ದಿನಕ್ಕೆ ನೂರು ಸಲ ಬರೆದ ಸಾಲು ಅದು. ಇಲ್ಲಿ ಸಮ ಚಿಹ್ನೆಗೆ ಅರ್ಥವೇ ಬೇರೆ. ಎಡಗಡೆ ಬಲಗಡೆ ಎರಡೂ ಹೊಂದುತ್ತವೆಯೇ ಅಂತ ಅದು ನೋಡುತ್ತದೆ. ಎಕ್ಸ್‌ಗೆ ಒಮ್ಮೆ 5 ಅಂತ ಹೆಸರಾದರೆ ಅದು ಕೊನೆಯವರೆಗೂ 5. ಹೈಸ್ಕೂಲಿನ ಬೀಜಗಣಿತ ನೆನಪು ಮಾಡಿಕೊಳ್ಳಿ. ಎಕ್ಸ್ ಸಮ ಎಕ್ಸ್ ಕೂಡಿಸು 1 ಅಂತ ಬರೆದಿದ್ದರೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಅಡ್ಡಗೀಟು ಎಳೆಯುತ್ತಿದ್ದರು. ಎರ್ಲಾಂಗ್ ಆ ಮೇಷ್ಟ್ರ ಪರ.

ಕನ್ನಡದವರಿಗೆ ಇನ್ನೂ ಒಂದು ತೊಡಕಿದೆ. ಎರ್ಲಾಂಗ್‌ನಲ್ಲಿ ದೊಡ್ಡಕ್ಷರದಿಂದ ಶುರುವಾದರೆ ಅದು ಬೆಲೆ ತುಂಬಿಕೊಳ್ಳುವ ಹೆಸರು, ಸಣ್ಣಕ್ಷರದಿಂದ ಶುರುವಾದರೆ ಅದು ಬರೀ ಗುರುತು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ಮೇಲೆ ಇಡೀ ಅರ್ಥವೇ ನಿಂತಿದೆ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಹುಡುಗ ಹುಡುಗಿಯರು ಇಲ್ಲಿ ಎಡವುವುದನ್ನು ನಾನೇ ನೋಡಿದ್ದೇನೆ. ಅವರ ತಪ್ಪೇನಿಲ್ಲ. ಆ ವ್ಯತ್ಯಾಸ ಅವರ ಕಣ್ಣಿಗೆ ರೂಢಿಯೇ ಆಗಿಲ್ಲ.

ಪೈಥಾನ್ ಕಲಿಯುವಾಗ ಇಂಥ ಗೋಡೆ ಎದುರಾದರೆ ಪಕ್ಕದ ಸೀಟಿನವರನ್ನು ಕೇಳಬಹುದು. ಸಣ್ಣ ಭಾಷೆ ಕಲಿಯುವವರ ಪಕ್ಕದ ಸೀಟಿನಲ್ಲಿ ಅದು ಗೊತ್ತಿರುವವರು ಇರುವುದಿಲ್ಲ. ಇಡೀ ಆಫೀಸಿನಲ್ಲಿ, ಕೆಲವೊಮ್ಮೆ ಇಡೀ ಊರಿನಲ್ಲಿ ಇರುವುದಿಲ್ಲ. ಆ ಖಾಲಿ ಸೀಟಿನಲ್ಲಿ ಬಂದು ಕೂರುವುದು ಪುಸ್ತಕ.

ಪುಸ್ತಕ ಒಂದು ಭಾಷೆಯನ್ನು ದಡ ದಾಟಿಸಿದ್ದು

1998ರಲ್ಲಿ ಎರಿಕ್ಸನ್ನಿನ ರೇಡಿಯೋ ವಿಭಾಗ ಹೊಸ ಉತ್ಪನ್ನಗಳಿಗೆ ಎರ್ಲಾಂಗ್ ಬಳಸಬಾರದು ಅಂತ ತೀರ್ಮಾನ ಮಾಡಿತು. ಅದೇ ಕಂಪನಿಯ ಎಎಕ್ಸ್‌ಡಿ301 ಎಂಬ ದೂರಸಂಪರ್ಕ ಸ್ವಿಚ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಎರ್ಲಾಂಗ್ ಇತ್ತು, ಚೆನ್ನಾಗಿಯೇ ಓಡುತ್ತಿತ್ತು. ಆದರೂ ಜಗತ್ತೆಲ್ಲ ಬಳಸುವ ಭಾಷೆಯನ್ನೇ ಬಳಸೋಣ ಅನ್ನೋದು ಅವರ ವಿಚಾರ. ಅದೇ ವರ್ಷ ಡಿಸೆಂಬರ್‌ನಲ್ಲಿ ಭಾಷೆಯನ್ನು ಓಪನ್ ಸೋರ್ಸ್ ಮಾಡಿದರು. ಅದರ ಹಿಂದಿದ್ದ ಬಹುಪಾಲು ಜನ ಕೆಲಸ ಬಿಟ್ಟು ಹೊರಬಂದರು.

ಅಂದರೆ ಭಾಷೆ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತಿತ್ತು, ಕಲಿಸುವ ಹೊಸ ಪುಸ್ತಕ ಇರಲಿಲ್ಲ. ಆರ್ಮ್‌ಸ್ಟ್ರಾಂಗ್ 2003ರಲ್ಲಿ ಬರೆದ ಪಿಎಚ್‌ಡಿ ಪ್ರಬಂಧವನ್ನೇ ಜನ ಇಳಿಸಿಕೊಂಡು ಓದುತ್ತಿದ್ದರು. ತಪ್ಪಿರುವ ಸಾಫ್ಟ್‌ವೇರ್‌ನಿಂದಲೇ ನಂಬಬಹುದಾದ ವ್ಯವಸ್ಥೆ ಕಟ್ಟುವುದು ಹೇಗೆ ಅನ್ನೋದು ಅದರ ವಿಷಯ. ತುಂಬಾ ಒಳ್ಳೆಯ ಪ್ರಬಂಧ. ಆದರೆ ಪ್ರಬಂಧ ಓದಿ ಭಾಷೆ ಕಲಿಯಲು ಬೇಕಾದ ತಾಳ್ಮೆ ಎಷ್ಟು ಜನಕ್ಕಿರುತ್ತದೆ?

2007ರ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಆಗಿತ್ತು. ಪ್ರೊಸೆಸರ್‌ಗಳ ವೇಗ ಹೆಚ್ಚಿಸುವ ಓಟಕ್ಕೆ ತಡೆ ಬಿದ್ದಿತ್ತು. 2005ರಿಂದ ಇಂಟೆಲ್, ಎಎಂಡಿ ಎರಡೂ ಒಂದೇ ಚಿಪ್‌ನಲ್ಲಿ ಎರಡು ಕೋರ್, ಅಂದರೆ ಲೆಕ್ಕ ಮಾಡುವ ಎರಡು ಘಟಕ, ಇಟ್ಟು ಮಾರತೊಡಗಿದ್ದವು. ಒಂದೇ ಸಾಲಿನಲ್ಲಿ ಓಡುವ ಪ್ರೋಗ್ರಾಂಗೆ ಎರಡನೇ ಕೋರ್‌ನಿಂದ ಲಾಭ ಇಲ್ಲ. ಮೊದಲಿನಿಂದಲೂ ಸಾವಿರಾರು ಪ್ರೊಸೆಸ್‌ಗಳಾಗಿ ಒಡೆದುಕೊಂಡೇ ಬರೆದ ಎರ್ಲಾಂಗ್ ಪ್ರೋಗ್ರಾಂಗಳಿಗೆ ಅದು ಹಬ್ಬ. ಹಲವು ಕೋರ್‌ಗಳ ಮೇಲೆ ಓಡುವ ಶಕ್ತಿ ಎರ್ಲಾಂಗ್‌ಗೆ 2006ರಲ್ಲಿ ಬಂತು, ಮರುವರ್ಷ ಪುಸ್ತಕ ಬಂತು. ಎಲ್ಲರೂ ಹಲವು ಕೋರ್‌ಗಳನ್ನು ಏನು ಮಾಡೋದು ಅಂತ ತಲೆ ಕೆಡಿಸಿಕೊಂಡಿದ್ದಾಗ, ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಯೋಚಿಸಿದ್ದ ಒಬ್ಬರು ನಿಧಾನವಾಗಿ, ಪ್ರೀತಿಯಿಂದ ಬಿಡಿಸಿ ಹೇಳಿದರು.

2008ರಲ್ಲಿ ಫೇಸ್‌ಬುಕ್ ತನ್ನ ಚಾಟ್ ಅನ್ನು ಎರ್ಲಾಂಗ್‌ನಲ್ಲಿ ಕಟ್ಟಿತು. 2009ರಲ್ಲಿ ಶುರುವಾದ ವಾಟ್ಸಾಪ್ ಸರ್ವರ್‌ಗಳೂ ಎರ್ಲಾಂಗ್‌ನಲ್ಲೇ. 2012ರ ಹೊತ್ತಿಗೆ ಅವರು ಒಂದೇ ಸರ್ವರ್‌ನಲ್ಲಿ 20 ಲಕ್ಷ ಸಂಪರ್ಕಗಳನ್ನು ಹಿಡಿದಿಟ್ಟು ತೋರಿಸಿದರು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್‌ಗೆ ಅದನ್ನು ಕೊಂಡಾಗ ಬಳಕೆದಾರರು 45 ಕೋಟಿ, ಎಂಜಿನಿಯರ್‌ಗಳು ಮೂವತ್ತು ಚಿಲ್ಲರೆ. ನಮ್ಮ ಊರಿನ ಸ್ವಸಹಾಯ ಸಂಘದ ಗುಂಪಿನಿಂದ ಮದುವೆ ಕರೆಯೋಲೆವರೆಗೆ ಎಲ್ಲ ಸಾಗುವುದು ಆ ಭಾಷೆಯ ಬೆನ್ನ ಮೇಲೆ. ಒಂದು ಪುಸ್ತಕವೇ ಇದನ್ನೆಲ್ಲ ಮಾಡಿತು ಅಂತ ನಾನು ಹೇಳುತ್ತಿಲ್ಲ. ಎರ್ಲಾಂಗ್‌ನಲ್ಲಿ ಬರೆದ ಇಜಾಬರ್‌ಡಿ ಎಂಬ ಚಾಟ್ ಸರ್ವರ್ ಮೊದಲೇ ಇತ್ತು, ವಾಟ್ಸಾಪ್ ಶುರು ಮಾಡಿದ್ದು ಅದರಿಂದಲೇ. ಆದರೆ ಇಂಥ ಕಡೆ ಕೆಲಸಕ್ಕೆ ಸೇರಿ ಹೊಸದಾಗಿ ಕಲಿಯಬೇಕಾದವರ ಮೇಜಿನ ಮೇಲೆ ಇಡಲು ಈಗ ಒಂದು ಪುಸ್ತಕ ಇತ್ತು.

ಮ್ಯಾನೇಜರ್‌ಗಳ ಮಾತನ್ನೂ ಇಲ್ಲಿ ಹೇಳಬೇಕು. ಹೊಸ ಭಾಷೆ ಬಳಸೋಣ ಅಂತ ಯಾರಾದರೂ ಅಂದರೆ ಅವರು ಕೇಳುವ ಮೊದಲ ಪ್ರಶ್ನೆ, "ನೀವು ಕೆಲಸ ಬಿಟ್ಟು ಹೋದರೆ ಮುಂದೆ ಯಾರು ನೋಡಿಕೊಳ್ಳುತ್ತಾರೆ?" ನ್ಯಾಯವಾದ ಪ್ರಶ್ನೆ. "ಪುಸ್ತಕ ಇದೆ ಸಾರ್, ಓದಿ ಕಲಿಯಬಹುದು" ಅನ್ನೋದು ಪೂರ್ತಿ ಉತ್ತರ ಅಲ್ಲ. ಆದರೆ ಪುಸ್ತಕವೇ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ರೂಬಿ ಭಾಷೆಯದ್ದೂ ಇದೇ ಬಗೆಯ ಕಥೆ. ಜಪಾನಿನ ಯುಕಿಹಿರೊ ಮತ್ಸುಮೊಟೊ ಅದನ್ನು 1995ರಲ್ಲಿ ಹೊರತಂದರು. ಜಪಾನೀ ಬಾರದವರಿಗೆ ಓದಲು ಹೆಚ್ಚೇನೂ ಇರಲಿಲ್ಲ. 2000ದ ಕೊನೆಗೆ ಡೇವ್ ಥಾಮಸ್, ಆಂಡಿ ಹಂಟ್ ಸೇರಿ ಇಂಗ್ಲಿಷ್‌ನಲ್ಲಿ ಪುಸ್ತಕ ಬರೆದರು. ಮುಖಪುಟದಲ್ಲಿ ಗುದ್ದಲಿಯ ಚಿತ್ರ ಇದ್ದ ಕಾರಣ ರೂಬಿಯವರೆಲ್ಲ ಅದನ್ನು ಗುದ್ದಲಿ ಪುಸ್ತಕ ಅಂತಲೇ ಕರೆಯುತ್ತಾರೆ. 2004ರಲ್ಲಿ ವೆಬ್‌ಸೈಟ್ ಕಟ್ಟಲು ನೆರವಾಗುವ, ರೂಬಿಯಲ್ಲೇ ಬರೆದ ರೈಲ್ಸ್ ಬಂತು, ಆಮೇಲೆ ರೂಬಿ ಎಲ್ಲೆಡೆ ಹಬ್ಬಿತು. ಆ ಇಬ್ಬರೇ ಮುಂದೆ ಒಂದು ಪ್ರಕಾಶನ ಸಂಸ್ಥೆ ಕಟ್ಟಿದರು. ಆರ್ಮ್‌ಸ್ಟ್ರಾಂಗ್ ಅವರ 2007ರ ಪುಸ್ತಕ ಹೊರಬಂದದ್ದು ಅಲ್ಲಿಂದಲೇ. ರೈಲ್ಸ್ ಬಳಗದ ಬ್ರೆಜಿಲ್‌ನ ಜೋಸೆ ವಾಲಿಮ್ ಎರ್ಲಾಂಗ್ ಕಡೆ ತಿರುಗಿ, ಎರ್ಲಾಂಗ್ ಪ್ರೋಗ್ರಾಂಗಳನ್ನು ಓಡಿಸುವ ಅದೇ ಸಾಫ್ಟ್‌ವೇರ್ ಯಂತ್ರದ ಮೇಲೆ ಓಡುವ ಎಲಿಕ್ಸಿರ್ ಭಾಷೆ ಕಟ್ಟಿದರು. ಅದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2014ರಲ್ಲಿ. ಅದಕ್ಕೂ ಮೊದಲೇ ಅದರ ಮೇಲೆ ಪುಸ್ತಕ ಬರೆಯಲು ಕೂತವರು ಮತ್ತೆ ಡೇವ್ ಥಾಮಸ್. ಪುಸ್ತಕದಿಂದ ಭಾಷೆ, ಭಾಷೆಯಿಂದ ಪುಸ್ತಕ. ದೀಪದಿಂದ ದೀಪ ಹಚ್ಚಿದ ಹಾಗೆ.

ಅದೇ ಬ್ರೆಜಿಲ್‌ನದ್ದೇ ಇನ್ನೊಂದು ಭಾಷೆ ಲುವಾ. ಪೋರ್ಚುಗೀಸ್‌ನಲ್ಲಿ ಲುವಾ ಅಂದರೆ ಚಂದ್ರ. 1993ರಲ್ಲಿ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. 1996ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಅದರ ಬಗ್ಗೆ ಲೇಖನ ಬಂತು. ಅದನ್ನು ಓದಿದ ಅಲ್ಲಿನ ಗೇಮ್ ಕಂಪನಿಯ ಪ್ರೋಗ್ರಾಮರ್ ಒಬ್ಬರು ತಮ್ಮ ಮುಂದಿನ ಆಟಕ್ಕೆ ಲುವಾವನ್ನೇ ಆರಿಸಿಕೊಂಡರು. ಅಲ್ಲಿಂದ ಅದು ಆಟಗಳ ಲೋಕದಲ್ಲೆಲ್ಲ ಹಬ್ಬಿತು. 2003ರಲ್ಲಿ ಭಾಷೆ ಕಟ್ಟಿದ ಮೂವರಲ್ಲಿ ಒಬ್ಬರಾದ ರಾಬರ್ಟೊ ಇರುಸಲಿಮ್ಸ್ಕಿ ತಾವೇ ಪುಸ್ತಕ ಬರೆದರು, ಲುವಾದವರೇ ಪ್ರಕಟಿಸಿದರು. ಮೊದಲ ಆವೃತ್ತಿ ಈಗಲೂ ಬಿಟ್ಟಿಯಾಗಿ ಓದಲು ಸಿಗುತ್ತದೆ. ತಾಯ್ನುಡಿ ಇಂಗ್ಲಿಷ್ ಅಲ್ಲದ ಊರಿನಿಂದ ಹೊರಟ ಭಾಷೆ ಜಗತ್ತನ್ನು ಮುಟ್ಟಿದ್ದು ಒಂದು ಲೇಖನ, ಒಂದು ಪುಸ್ತಕದ ಕೈ ಹಿಡಿದು. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಎಐ ಇರುವಾಗ ಪುಸ್ತಕ ಯಾಕೆ?

ಈಗಿನ ಪ್ರಶ್ನೆ ಇದೇ. ಕಳೆದ ಮೂರು ನಾಲ್ಕು ವರ್ಷದಲ್ಲಿ ಪ್ರೋಗ್ರಾಮರ್‌ಗಳ ಕೆಲಸದ ರೀತಿಯೇ ಬದಲಾಗಿದೆ. ಕೋಡ್ ಬರೆದುಕೊಡುವ ಎಐ ಎಲ್ಲರ ಪಕ್ಕದಲ್ಲೂ ಕೂತಿದೆ. ಪೈಥಾನ್‌ನಲ್ಲೋ ಜಾವಾಸ್ಕ್ರಿಪ್ಟ್‌ನಲ್ಲೋ ಕೇಳಿದರೆ ಬಹಳ ಚೆನ್ನಾಗಿ ಬರೆದುಕೊಡುತ್ತದೆ. ಯಾಕೆಂದರೆ ಆ ಭಾಷೆಗಳಲ್ಲಿ ಜನ ಬರೆದಿಟ್ಟ ಕೋಡ್ ರಾಶಿ ರಾಶಿ ಇದೆ, ಅದನ್ನು ಓದಿಯೇ ಅದು ಕಲಿತಿರುವುದು.

ಗ್ಲೀಮ್‌ನಂಥ ಭಾಷೆಗೆ ಬನ್ನಿ. ಅದೂ ಎರ್ಲಾಂಗ್ ಯಂತ್ರದ ಮೇಲೆಯೇ ಓಡುವುದು. ಮೊದಲ ಪೂರ್ಣ ಆವೃತ್ತಿ ಬಂದದ್ದು 2024ರ ಮಾರ್ಚ್‌ನಲ್ಲಿ. ಬರೆದಿಟ್ಟದ್ದು ಇನ್ನೂ ಸ್ವಲ್ಪವೇ. ಆ ಭಾಷೆಯಲ್ಲಿ 'ಹೀಗಿದ್ದರೆ ಹಾಗೆ ಮಾಡು' ಅನ್ನಲು ಇತರ ಭಾಷೆಗಳಲ್ಲಿರುವ ಇಫ್ ಎಂಬ ಹೇಳಿಕೆಯೇ ಇಲ್ಲ. ಎಲ್ಲವನ್ನೂ ಕೇಸ್ ಎಂಬ ಒಂದರಲ್ಲೇ ಹೇಳಬೇಕು. ಫಂಕ್ಷನ್ ನಡುವೆಯೇ ಉತ್ತರ ಕೊಟ್ಟು ಹೊರಬರುವ ರಿಟರ್ನ್ ಕೂಡ ಇಲ್ಲ. ನಾನು ಒಂದು ಎಐ ಹತ್ತಿರ ಗ್ಲೀಮ್‌ನಲ್ಲಿ ಸಣ್ಣ ಫಂಕ್ಷನ್ ಬರೆಸಿದೆ. ಇಫ್ ಹಾಕಿತು. ಇಲ್ಲಿ ಇಫ್ ಇಲ್ಲ ಅಂದೆ. ಹೌದು, ತಪ್ಪಾಯಿತು ಅಂತ ತಿದ್ದಿತು, ತಿದ್ದಿದ್ದರಲ್ಲಿ ರಿಟರ್ನ್ ಬಂತು. ಅದನ್ನೂ ತಿದ್ದಿಸಿದೆ. ಕೊನೆಗೆ ಓಡಿತು. ಆದರೆ ಓದಿದರೆ ಪೈಥಾನ್ ಬರೆದು ಗ್ಲೀಮ್ ಅಂಗಿ ತೊಡಿಸಿದ ಹಾಗಿತ್ತು. ಎಐಗಳು ದಿನೇ ದಿನೇ ಸುಧಾರಿಸುತ್ತಿವೆ, ನಾಳೆ ಈ ಉದಾಹರಣೆ ಹಳೆಯದಾಗಬಹುದು. ಹೊಸ ಭಾಷೆಗಳು ಮಾತ್ರ ಹುಟ್ಟುತ್ತಲೇ ಇರುತ್ತವೆ.

ಈ ಕಷ್ಟ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 2011ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಅಷ್ಟು ಜನರ ಭಾಷೆಯಾದರೂ ಇಂಟರ್ನೆಟ್‌ನಲ್ಲಿರುವ ಬರಹ ಇಂಗ್ಲಿಷಿನ ಮುಂದೆ ಬೊಗಸೆಯಷ್ಟು. ಅದರ ಫಲ ದಿನವೂ ನೋಡುತ್ತೇವೆ. 'ಮಾವು ಒಂದು ಹಣ್ಣು' ಅನ್ನೋದು ಕನ್ನಡ. ಯಂತ್ರ 'ಮಾವು ಒಂದು ಹಣ್ಣು ಆಗಿದೆ' ಅನ್ನುತ್ತದೆ. ಅಕ್ಷರ ಕನ್ನಡದ್ದು, ಪದ ಕನ್ನಡದ್ದು, ವ್ಯಾಕರಣದಲ್ಲೂ ದೊಡ್ಡ ತಪ್ಪಿಲ್ಲ. ಆದರೆ ಒಳಗೆ ಇಂಗ್ಲಿಷ್ ಕೂತಿದೆ. ಕನ್ನಡದ ಜಾಯಮಾನ ಅದಲ್ಲ. ಗ್ಲೀಮ್ ಅಂಗಿ ತೊಟ್ಟ ಪೈಥಾನ್ ನೋಡಿದಾಗ ನನಗೆ ನೆನಪಾದದ್ದು ಇದೇ 'ಆಗಿದೆ'.

ಇದರಿಂದ ಒಂದು ಅಪಾಯವೂ ಇದೆ. ಎಐಗೆ ಚೆನ್ನಾಗಿ ಬರುವ ಭಾಷೆಯನ್ನೇ ಜನ ಆರಿಸಿಕೊಳ್ಳುತ್ತಾರೆ. ಅದರಿಂದ ಆ ಭಾಷೆಯಲ್ಲಿ ಇನ್ನಷ್ಟು ಕೋಡ್ ಹುಟ್ಟುತ್ತದೆ, ಎಐಗೆ ಅದು ಇನ್ನೂ ಚೆನ್ನಾಗಿ ಬರುತ್ತದೆ. ಸಣ್ಣ ಭಾಷೆಗಳು ಹಿಂದೆಯೇ ಉಳಿಯುತ್ತವೆ. ಜೊತೆಗೆ, ಮೊದಲು ಜನ ಒಬ್ಬರನ್ನೊಬ್ಬರು ಎಲ್ಲರಿಗೂ ಕಾಣುವಂತೆ ಪ್ರಶ್ನೆ ಕೇಳುತ್ತಿದ್ದರು, ಉತ್ತರ ಮುಂದಿನವರಿಗೂ ಉಳಿಯುತ್ತಿತ್ತು. ಈಗ ಆ ಮಾತುಕತೆ ಯಂತ್ರದ ಜೊತೆ ಮುಚ್ಚಿದ ಬಾಗಿಲ ಹಿಂದೆ ನಡೆದು ಅಲ್ಲೇ ಮುಗಿಯುತ್ತದೆ. ದೊಡ್ಡ ಭಾಷೆಗಳಿಗೆ ಇದು ದೊಡ್ಡ ನಷ್ಟ ಅಲ್ಲ, ಉಗ್ರಾಣ ತುಂಬಿದೆ. ಸಣ್ಣ ಭಾಷೆಗಳಿಗೆ ಬರುತ್ತಿದ್ದ ಹನಿಯೂ ನಿಂತ ಹಾಗೆ.

ಹೀಗಿರುವಾಗ ಯಾರೋ ಒಬ್ಬರು ಎರಡು ವರ್ಷ ಕೂತು, ನಾನ್ನೂರು ಪುಟ ಬರೆದು, ಪ್ರತಿ ಉದಾಹರಣೆಯನ್ನೂ ಓಡಿಸಿ ನೋಡಿ, ಯಾಕೆ ಹೀಗೆ ಅಂತ ಬಿಡಿಸಿ ಹೇಳುತ್ತಾರೆ ಅಂದರೆ ಅದು ಎಂಥ ಕೊಡುಗೆ ಯೋಚಿಸಿ. ಹಣಕ್ಕಾಗಿ ಅಂತೂ ಅಲ್ಲ. ಮಾಮೂಲಿ ಪ್ರಕಾಶಕರು ಲೇಖಕರಿಗೆ ಕೊಡುವುದು ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು. ಲೀನ್‌ಪಬ್ ಎಂಬ ಜಾಲತಾಣದಲ್ಲಿ ತಾವೇ ಮಾರಿದರೆ ನೂರಕ್ಕೆ ಎಂಬತ್ತು ಸಿಗುತ್ತದೆ. ಆದರೆ ಕೊಳ್ಳುವವರೇ ಕಡಿಮೆ ಇರುವ ಭಾಷೆಯಲ್ಲಿ ಎಂಬತ್ತೋ ಹತ್ತೋ, ಎರಡು ವರ್ಷದ ರಾತ್ರಿಗಳ ಬೆಲೆ ಹುಟ್ಟುವುದಿಲ್ಲ. ಆ ಭಾಷೆ ಬಳಸುವವರಿಗೆ ಇದು ಚೆನ್ನಾಗಿ ಗೊತ್ತು. ಆ ಖುಷಿಯಲ್ಲಿ ಅರ್ಧ ಕೃತಜ್ಞತೆ.

ಹಾಗಂತ ಪುಸ್ತಕಕ್ಕೆ ಮಿತಿ ಇಲ್ಲ ಅಂತಲ್ಲ. ಅಚ್ಚಾದ ಪುಟ ಬದಲಾಗುವುದಿಲ್ಲ, ಭಾಷೆ ಬದಲಾಗುತ್ತದೆ. ಆರ್ಮ್‌ಸ್ಟ್ರಾಂಗ್ ಪುಸ್ತಕದ ಎರಡನೇ ಆವೃತ್ತಿ 2013ರಲ್ಲಿ ಬಂತು. ಆಗ ಎರ್ಲಾಂಗ್‌ಗೆ ಮ್ಯಾಪ್ ಎಂಬ, ಒಂದೊಂದು ಹೆಸರಿಗೂ ಒಂದೊಂದು ಬೆಲೆ ಜೋಡಿಸಿಡುವ ಹೊಸ ಸೌಲಭ್ಯ ಬರುವುದಿತ್ತು. ಅದು ಬರುವ ಮೊದಲೇ ಪುಸ್ತಕದಲ್ಲಿ ಅದರ ಬಗ್ಗೆ ಬರೆದಿದ್ದರು. ಮರುವರ್ಷ ಮ್ಯಾಪ್ ಬಂದಾಗ ಪುಸ್ತಕದಲ್ಲಿ ಹೇಳಿದಂತೆ ಪೂರ್ತಿ ಇರಲಿಲ್ಲ. ಒಂದು ಪದದಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸುವ ಉದಾಹರಣೆ ಅಲ್ಲಿದೆ. ಅದನ್ನು ಇದ್ದ ಹಾಗೆ ಟೈಪ್ ಮಾಡಿದರೆ ಕಂಪೈಲರ್ ಒಪ್ಪುವುದಿಲ್ಲ. ಎಷ್ಟೋ ಜನ ಅಲ್ಲಿ ಸಿಕ್ಕಿಬಿದ್ದು, ತಮ್ಮದೇ ತಪ್ಪು ಅಂದುಕೊಂಡಿದ್ದಾರೆ. ಅದೇ ಪುಸ್ತಕದಲ್ಲಿ ಪ್ರೊಸೆಸ್‌ಗಳ ಬಗ್ಗೆ, ಬೀಳಲು ಬಿಡುವುದರ ಬಗ್ಗೆ ಇರುವ ಅಧ್ಯಾಯಗಳಿಗೆ ಮಾತ್ರ ಇಂದಿಗೂ ಮುಕ್ಕು ಬಂದಿಲ್ಲ. ಹಳೆಯದಾಗುವುದು ವ್ಯಾಕರಣ, ಉಳಿಯುವುದು ಜಾಯಮಾನ.

ಅದಕ್ಕೇ ಈಗ ಕರಡು ಹಂತದಲ್ಲೇ ಓದುಗರ ಕೈಗೆ ಕೊಡುವ ರೂಢಿ ಬಂದಿದೆ. 2008ರಲ್ಲಿ ಬಂದ ಹ್ಯಾಸ್ಕೆಲ್ ಪುಸ್ತಕವೊಂದರ ಮೂವರು ಲೇಖಕರು ಬರೆಯುವಾಗಲೇ ಅಧ್ಯಾಯಗಳನ್ನು ಎಲ್ಲರ ಮುಂದೆ ಇಟ್ಟಿದ್ದರು. ಒಂದೊಂದು ಪ್ಯಾರಾದ ಕೆಳಗೂ ಓದುಗರು ಟಿಪ್ಪಣಿ ಬರೆಯಬಹುದಿತ್ತು. ಸಾವಿರಾರು ಟಿಪ್ಪಣಿ ಬಂದವು. ಎಲಿಕ್ಸಿರ್ ಮೇಲಿನ ಹಲವು ಪುಸ್ತಕಗಳೂ ಹೀಗೆಯೇ ಓದುಗರ ಕೈಯಲ್ಲಿ ಬೆಳೆದವು. ಸಶಾ ಯೂರಿಚ್ ಬರೆದ ಎಲಿಕ್ಸಿರ್ ಪುಸ್ತಕ 2024ರಲ್ಲಿ ಮೂರನೇ ಆವೃತ್ತಿ ಕಂಡಿತು. ಅದರಲ್ಲೂ ಜನ ಮತ್ತೆ ಮತ್ತೆ ಹೊಗಳುವುದು ಪ್ರೊಸೆಸ್, ಸೂಪರ್‌ವೈಸರ್ ಕುರಿತ ಅಧ್ಯಾಯಗಳನ್ನೇ.

ಆರ್ಮ್‌ಸ್ಟ್ರಾಂಗ್ 2019ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಪುಸ್ತಕದ ಎರಡನೇ ಆವೃತ್ತಿ ನನ್ನ ಹತ್ತಿರ ಇದೆ. ಹೋದ ವರ್ಷ ನಮ್ಮ ತಂಡಕ್ಕೆ ಚಿತ್ರದುರ್ಗದ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದಳು. ನಾನು ಬರೆದ ಕೋಡ್ ನೋಡಿ, "ಸಾರ್, ಇಲ್ಲಿ ತಪ್ಪಾದರೆ ನೀವು ಹಿಡಿಯೋದೇ ಇಲ್ಲವಲ್ಲ, ಯಾಕೆ?" ಅಂತ ಕೇಳಿದಳು. ಐದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಪುಸ್ತಕ ಕೈಗೆ ಕೊಟ್ಟೆ. ಎರಡು ತಿಂಗಳು ಬಿಟ್ಟು ತಂದುಕೊಟ್ಟಳು. ಪುಟದ ಅಂಚುಗಳಲ್ಲಿ ಅಲ್ಲಲ್ಲಿ ಪೆನ್ಸಿಲ್‌ನ ಸಣ್ಣ ಗುರುತು. ಅಕ್ಷರ ಎಣಿಸುವ ಆ ಉದಾಹರಣೆಯ ಪಕ್ಕದಲ್ಲಿ ದುಂಡಗೆ ಕನ್ನಡದಲ್ಲಿ 'ಇದು ಓಡುವುದಿಲ್ಲ, ಹೀಗೆ ಬರೆಯಬೇಕು' ಅಂತ ಬರೆದು, ಅದರ ಕೆಳಗೆ ಸರಿಯಾದ ನಾಲ್ಕು ಸಾಲು ಬರೆದಿದ್ದಳು. ಕೊನೆಯ ಸಾಲಿನ ಪೂರ್ಣವಿರಾಮಕ್ಕೆ ಒಂದು ಸುತ್ತು ಹಾಕಿದ್ದಳು.